ಅವ್ವನ ಕಾರಿಗೆ ನಾವೇ ಗ್ಯಾಸ್ ತುಂಬಿದ್ದು

ಸೋಮವಾರ, ಗುರುವಾರ ಬಂತೆಂದರೆ ನಮ್ಮ ಮನೆಯಲ್ಲಿ ಬೆಳಗಿನ ಐದಕ್ಕೇ ಲೈಟು ಹತ್ತುತ್ತದೆ. ಅವತ್ತು ಅವ್ವನ ಡಯಾಲಿಸಿಸ್. ನಮ್ಮೂರಿಂದ ರಾಯಚೂರಿಗೆ 58 ಕಿಲೋಮೀಟರ್. ಏಳಕ್ಕೆ ಹೊರಟರೆ ಒಂಬತ್ತರೊಳಗೆ ಆಸ್ಪತ್ರೆಯಲ್ಲಿ ಮಂಚ ಸಿಗುತ್ತದೆ. ನಾಲ್ಕು ತಾಸು ಯಂತ್ರಕ್ಕೆ ಕೈ ಕೊಟ್ಟು ಮಲಗಿ, ಆಮೇಲೆ ಒಂದಿಷ್ಟು ಸುಧಾರಿಸಿಕೊಂಡು ಅವ್ವ ಹೊರಗೆ ಬರುವಾಗ ಮಧ್ಯಾಹ್ನ ಎರಡು. ಏಪ್ರಿಲ್ ತಿಂಗಳಲ್ಲಿ ರಾಯಚೂರಿನ ಮಧ್ಯಾಹ್ನ ಎರಡು ಗಂಟೆ ಅಂದರೆ ಏನು ಅಂತ ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಬೇರೆ ಕಡೆಯವರಿಗೆ ಇಷ್ಟು ಹೇಳಿದರೆ ಸಾಕು: ಕಾರಿನ ಬಾಗಿಲ ಹಿಡಿಕೆ ಹಿಡಿಯಲು ಟವೆಲ್ ಬೇಕು.

ನಾವು ಅಂದರೆ ಅಕ್ಕ-ತಮ್ಮ ಇಬ್ಬರು. ಒಬ್ಬರು ಸ್ಟೇರಿಂಗ್ ಹಿಡಿದರೆ ಇನ್ನೊಬ್ಬರು ಹಿಂದಿನ ಸೀಟಿನಲ್ಲಿ ಅವ್ವನ ಪಕ್ಕ. ಕಾರು ಹಳೆಯದು, 2011ರ ಮಾಡೆಲ್, ನಮ್ಮ ಕೈಗೆ ಬರುವ ಮೊದಲು ಇಬ್ಬರು ಓಡಿಸಿದ್ದು. ಕೊಂಡದ್ದೇ ಅವ್ವನ ಓಡಾಟಕ್ಕೆ. ಅವ್ವನ ಪ್ರಕಾರ ಅದೊಂದು ದಂಡ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಪುಕ್ಕಟೆ ಆದ ಮೇಲಂತೂ, "ನನಗ ಬಸ್ಸಿಗೆ ರೊಕ್ಕಾನ ಇಲ್ಲ, ನೀವು ಪೆಟ್ರೋಲಿಗೆ ಯಾಕ ಸುರೀತೀರಿ" ಅಂತ ಜಗಳಕ್ಕೇ ನಿಂತಿದ್ದಳು. ಒಂದು ದಿನ ಹಟ ಹಿಡಿದು ಬಸ್ಸಿಗೇ ಹೋಗಿ, ಬರುವಾಗ ಎರಡು ಬಸ್ಸು ಬದಲಿಸಿ, ಅರ್ಧ ದಾರಿ ನಿಂತುಕೊಂಡು ಬಂದಳು. ಮರುದಿನ ಇಡೀ ಹಾಸಿಗೆ ಬಿಟ್ಟು ಏಳಲಿಲ್ಲ. ಆಮೇಲೆ ಆ ಮಾತು ಎತ್ತಲಿಲ್ಲ.

ಎಸಿಗೂ ಅದೇ ತಕರಾರು. "ನಲವತ್ತು ವರ್ಷ ಒಲಿ ಮುಂದ ಕುಂತು ರೊಟ್ಟಿ ಬಡದಾಕಿ ನಾನು, ನನಗ ಎಂಥಾ ಎಸಿ" ಅನ್ನುತ್ತಿದ್ದಳು. ಮಾತೇನೋ ಖರೆ. ಆದರೆ ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಬಿಸಿಲಿನ ಲೆಕ್ಕ ಬೇರೆ. ಕಿಡ್ನಿ ಕೆಲಸ ನಿಲ್ಲಿಸಿದ ಮೇಲೆ ಕುಡಿದ ನೀರು ಮೈಯಲ್ಲೇ ಉಳಿಯುತ್ತದೆ, ಕಾಲು ಬಾಯುತ್ತದೆ, ಉಸಿರು ಕಟ್ಟುತ್ತದೆ. ಅದಕ್ಕೆ ಡಾಕ್ಟರು ಅವ್ವನಿಗೆ ದಿನಕ್ಕೆ ಒಂದು ಲೀಟರ್ ಅಂತ ಗೆರೆ ಎಳೆದಿದ್ದಾರೆ. ಚಹಾ, ಅಂಬಲಿ, ಸಾರು ಎಲ್ಲ ಆ ಒಂದು ಲೀಟರಿನೊಳಗೇ. ತೀರಾ ಬಾಯಿ ಒಣಗಿದರೆ ಐಸಿನ ಚೂರು ಚೀಪಬೇಕು. ಬಿಸಿಲಿಗೆ ಬೆವರಿದಾಗ ನಾವು ನೀವು ಒಂದು ಚೊಂಬು ನೀರು ಗಟಗಟ ಕುಡಿದು ಮುಗಿಸುತ್ತೇವೆ. ಅವ್ವ ಹಾಗೆ ಕುಡಿಯುವಂತಿಲ್ಲ. ಹಾಗಾಗಿ ಕಾರಿನ ಎಸಿ ನಮ್ಮ ಮನೆಯಲ್ಲಿ ಶೋಕಿಯ ಪಟ್ಟಿಯಲ್ಲಿ ಇರಲಿಲ್ಲ, ಔಷಧದ ಪಟ್ಟಿಯಲ್ಲಿತ್ತು.

ಆ ಎಸಿ ಏಪ್ರಿಲ್ ಮೊದಲ ವಾರ ಕೈಕೊಟ್ಟಿತು. ಗಾಳಿ ಬರುತ್ತದೆ, ತಂಪಿಲ್ಲ.

ಹಿಂದಿನ ವರ್ಷವೂ ಹೀಗೇ ಆಗಿತ್ತು. ಆಗ ಒಂದು ಗ್ಯಾರೇಜಿಗೆ ಬಿಟ್ಟಿದ್ದೆವು. "ಗ್ಯಾಸ್ ಖಾಲಿ ಆಗೈತ್ರಿ" ಅಂದರು, ಅರ್ಧ ತಾಸಿನಲ್ಲಿ ತುಂಬಿಕೊಟ್ಟರು, 1,800 ರೂಪಾಯಿ ತೆಗೆದುಕೊಂಡರು. ಆ ಬೇಸಿಗೆ ಹೇಗೋ ಕಳೆಯಿತು. ಗ್ಯಾಸ್ ಅಂದರೆ ಪೆಟ್ರೋಲಿನ ಹಾಗೆ, ಓಡಿದಷ್ಟೂ ಕರಗುತ್ತದೆ, ವರ್ಷಕ್ಕೊಮ್ಮೆ ಹಾಕಿಸಬೇಕು ಅಂತ ನಾವು ನಂಬಿದೆವು. ಊರಲ್ಲಿ ಕಾರು ಇಟ್ಟವರನ್ನು ಕೇಳಿ ನೋಡಿ, ಹತ್ತರಲ್ಲಿ ಎಂಟು ಜನ ಹಾಗೇ ತಿಳಿದಿದ್ದಾರೆ. ನಮ್ಮ ಎಲ್ಲ ತಪ್ಪುಗಳೂ ಹುಟ್ಟಿದ್ದು ಈ ಒಂದು ನಂಬಿಕೆಯಿಂದ.

ಈ ಸಲ ಮತ್ತೆ 1,800 ಯಾಕೆ ಕೊಡಬೇಕು ಅಂತ ಮೊಬೈಲಿನಲ್ಲಿ ಹುಡುಕಿದೆವು. ಅಮೆರಿಕದವರ ವಿಡಿಯೋಗಳು ರಾಶಿ ರಾಶಿ. ಅಲ್ಲಿ ಕಾರಿನ ಬಿಡಿಭಾಗದ ಅಂಗಡಿಯಲ್ಲಿ ಗ್ಯಾಸಿನ ಸಣ್ಣ ಡಬ್ಬಿ, ಅದಕ್ಕೊಂದು ಪೈಪು, ಪೈಪಿಗೆ ಒಂದು ಗೇಜು ಎಲ್ಲ ಸೆಟ್ಟಾಗಿ ಸಿಗುತ್ತದೆ. ಮನೆ ಮುಂದೆ ಕಾರು ನಿಲ್ಲಿಸಿ, ಪೈಪು ಸಿಕ್ಕಿಸಿ, ಮುಳ್ಳು ಹಸಿರು ಪಟ್ಟಿಗೆ ಬಂದಾಗ ನಿಲ್ಲಿಸಿ ನಗುತ್ತಾರೆ. ಹತ್ತು ನಿಮಿಷದ ಕೆಲಸ. ನಮ್ಮಲ್ಲೂ ಆನ್‌ಲೈನ್‌ನಲ್ಲಿ ಸಿಗುತ್ತದೆ. 450 ಗ್ರಾಂ ಡಬ್ಬಿ ಎರಡು, ಗೇಜಿರುವ ಪೈಪು ಒಂದು, ಎಲ್ಲ ಸೇರಿ ಎರಡು ಸಾವಿರಕ್ಕೆ ಸ್ವಲ್ಪ ಕಡಿಮೆ. ಪೈಪು ಹೇಗೂ ಪ್ರತಿ ವರ್ಷ ಬರುತ್ತದಲ್ಲ ಅಂತ ಸಮಾಧಾನ ಮಾಡಿಕೊಂಡೆವು.

ಡಬ್ಬಿ ಬರುವ ಮೊದಲೇ ಕಾಕಾ ಬಂದ. ಊರಿನ ಟ್ರ್ಯಾಕ್ಟರು, ಮೋಟಾರು, ಪಂಪ್‌ಸೆಟ್ಟು ಏನು ಕೆಟ್ಟರೂ ಕಾಕಾನ ಸಲಹೆ ಪುಕ್ಕಟೆ. "ಅದಕ್ಯಾಕ ಡಬ್ಬಿ ತರಸ್ತೀರಿ? ಮನ್ಯಾಗ ಸಿಲಿಂಡರ್ ಇಲ್ಲೇನು? ಅಡಗಿ ಗ್ಯಾಸ್ ಹಾಕ್ರಿ, ಐಸ್ ಆಗತೈತಿ" ಅಂದ. ಹಾಗೆ ಹಾಕುವವರು ಇದ್ದಾರೆ ಅಂತ ಅವನ ವಾದ. ತಂಪಾಗುತ್ತದೆ ಅನ್ನುವುದು ಸುಳ್ಳೂ ಅಲ್ಲ. ನಿಮ್ಮ ಮನೆಯಲ್ಲಿ ಹೊಸ ಫ್ರಿಡ್ಜ್ ಇದ್ದರೆ ಹಿಂದಿನ ಚೀಟಿ ನೋಡಿ, ಆರ್-600ಎ ಅಂತ ಬರೆದಿರಬಹುದು. ಅದೂ ಉರಿಯುವ ಗ್ಯಾಸೇ. ಆದರೆ ಆ ಫ್ರಿಡ್ಜನ್ನು ಅದಕ್ಕೆಂದೇ ಮಾಡಿರುತ್ತಾರೆ, ಒಳಗಿರುವುದು ಕೆಲವೇ ಹತ್ತು ಗ್ರಾಂ. ಕಾರಿನಲ್ಲಿ ತಂಪು ಮಾಡುವ ಸುರುಳಿ ಇರುವುದು ಡ್ಯಾಶ್‌ಬೋರ್ಡಿನ ಒಳಗೆ, ನಮ್ಮ ಮೊಣಕಾಲ ಮುಂದೆ. ಅದು ಸೋರಿದರೆ ಗಾಜು ಏರಿಸಿದ ಕಾರಿನೊಳಗೆ ಅಡುಗೆ ಗ್ಯಾಸ್ ತುಂಬುತ್ತದೆ. ಅಲ್ಲಿ ಒಂದು ಬೀಡಿ, ವೈರಿನ ಒಂದು ಕಿಡಿ ಸಾಕು. ಕಾಕಾನಿಗೆ ಚಹಾ ಕೊಟ್ಟು ಕಳಿಸಿದೆವು.

ಎಸಿ ಹೇಗೆ ತಂಪು ಮಾಡುತ್ತದೆ ಅಂತ ಒಂದು ಮಾತು. ಹರವಿಯಲ್ಲಿ ನೀರು ಯಾಕೆ ತಣ್ಣಗಿರುತ್ತದೆ? ಮಣ್ಣಿನಿಂದ ಜಿನುಗಿದ ನೀರು ಆವಿಯಾಗಿ ಹೋಗುವಾಗ ಒಳಗಿನ ಬಿಸಿಯನ್ನೂ ಕರೆದುಕೊಂಡು ಹೋಗುತ್ತದೆ. ಕಾರಿನಲ್ಲಿ ಆ ಕೆಲಸಕ್ಕೆ ನೀರಿನ ಬದಲು ಬೇರೊಂದು ಪದಾರ್ಥ. ನಮ್ಮ ಕಾರಿನಲ್ಲಿರುವುದು ಆರ್-134ಎ. ಅದು ಸೊನ್ನೆಗಿಂತ 26 ಡಿಗ್ರಿ ಕೆಳಗೇ ಕುದಿಯುತ್ತದೆ. ಡ್ಯಾಶ್‌ಬೋರ್ಡಿನ ಸುರುಳಿಯಲ್ಲಿ ಆವಿಯಾಗುತ್ತಾ ಒಳಗಿನ ಬಿಸಿ ಹೀರುತ್ತದೆ. ಕಂಪ್ರೆಸರ್ ಅದನ್ನು ಒತ್ತಿ ಮುಂದಕ್ಕೆ ತಳ್ಳುತ್ತದೆ. ಬಂಪರಿನ ಹಿಂದೆ ರೇಡಿಯೇಟರಿನ ಮುಂದೆ ಇರುವ ಕಂಡೆನ್ಸರ್ ಎಂಬ ಜಾಲರಿಯಲ್ಲಿ ಆ ಬಿಸಿಯನ್ನು ಹೊರಗಿನ ಗಾಳಿಗೆ ಬಿಟ್ಟು ಮತ್ತೆ ದ್ರವವಾಗುತ್ತದೆ. ಸುತ್ತು ಮುಗಿಯಿತು, ಮತ್ತೆ ಅದೇ ಸುತ್ತು. ಹರವಿಯ ನೀರು ಗಾಳಿಗೆ ಹೋಗಿಬಿಡುತ್ತದೆ, ದಿನಾ ತುಂಬಬೇಕು. ಕಾರಿನ ಗ್ಯಾಸ್ ಮುಚ್ಚಿದ ಪೈಪಿನೊಳಗೇ ತಿರುಗುತ್ತಿರುತ್ತದೆ, ಖರ್ಚಾಗುವುದೇ ಇಲ್ಲ. ರಬ್ಬರ್ ಪೈಪು, ಸೀಲುಗಳ ಮೂಲಕ ವರ್ಷಗಟ್ಟಲೆಯಲ್ಲಿ ಒಂದಿಷ್ಟು ಹೋಗಬಹುದು. ಒಂದೇ ವರ್ಷದಲ್ಲಿ ತಂಪು ನಿಂತಿತು ಅಂದರೆ ಎಲ್ಲೋ ತೂತಿದೆ ಅಂತಲೇ ಅರ್ಥ. ಇದನ್ನು ನಾವು ಮೊದಲು ಓದಿಕೊಂಡಿದ್ದರೆ ಈ ಬರಹ ಇರುತ್ತಿರಲಿಲ್ಲ.

ಡಬ್ಬಿ ಬಂದ ಭಾನುವಾರ ಬೆಳಿಗ್ಗೆ ಬೇವಿನ ಮರದ ಕೆಳಗೆ ಕಾರು ನಿಲ್ಲಿಸಿದೆವು. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಬೇಕು ಅಂತ ವಿಡಿಯೋದಲ್ಲಿ ಹೇಳಿದ್ದರು. ಕನ್ನಡಕ ಇರಲಿಲ್ಲ, ಬೈಕಿನ ಹೆಲ್ಮೆಟ್ ಹಾಕಿಕೊಂಡೆವು. ಓಣಿಯ ಹುಡುಗರೆಲ್ಲ ಕಟ್ಟೆಯ ಮೇಲೆ ಕೂತು ನೋಡತೊಡಗಿದರು. ಬಾನೆಟ್ಟಿನ ಕೆಳಗೆ ಎರಡು ಬಾಯಿಗಳಿರುತ್ತವೆ, ಮುಚ್ಚಳದ ಮೇಲೆ ಒಂದಕ್ಕೆ ಎಲ್, ಇನ್ನೊಂದಕ್ಕೆ ಎಚ್. ಡಬ್ಬಿ ಸಿಕ್ಕಿಸಬೇಕಾದದ್ದು ಎಲ್‌ಗೆ ಮಾತ್ರ. ಎಚ್‌ಗೆ ಸಿಕ್ಕಿಸಿದರೆ ಕಂಪ್ರೆಸರಿನ ಒತ್ತಡ ಹಿಂದಕ್ಕೆ ಡಬ್ಬಿಗೇ ನುಗ್ಗಿ ಡಬ್ಬಿ ಸಿಡಿಯಬಹುದು. ಅಷ್ಟು ಮಾತ್ರ ಸರಿಯಾಗಿ ಓದಿಕೊಂಡಿದ್ದೆವು, ಪುಣ್ಯಕ್ಕೆ.

ಎಂಜಿನ್ ಚಾಲೂ, ಎಸಿ ಫುಲ್, ಕಿಟಕಿ ತೆರೆದು ಡಬ್ಬಿಯ ಕೀಲಿ ತಿರುಗಿಸಿದೆವು. ಡಬ್ಬಿ ಕೈಯಲ್ಲೇ ತಣ್ಣಗಾಗುತ್ತಾ ಬಂತು, ಹೊರಗೆಲ್ಲ ಬೆವರಿತು. ಐದು ನಿಮಿಷದಲ್ಲಿ ಒಳಗೆ ತಂಪು ಶುರುವಾಯಿತು. ನಮಗಾದ ಖುಷಿ ಹೇಳತೀರದು. ಡಬ್ಬಿ ತಣ್ಣಗಾದಷ್ಟೂ ಗ್ಯಾಸ್ ಹೋಗುವುದು ನಿಧಾನ ಆಗುತ್ತದೆ. ನಮಗೆ ತಡೆಯಲಿಲ್ಲ. ಬಿಸಿನೀರಿನ ಬೋಗುಣಿಯಲ್ಲಿ ಇಟ್ಟೆವು, ಆಮೇಲೆ ತಲೆಕೆಳಗೆ ಮಾಡಿ ಹಿಡಿದೆವು. ಗೇಜಿನ ಮುಳ್ಳು ಹಸಿರಿನಲ್ಲೇ ಇತ್ತು. ಇದ್ದದ್ದು ಪೂರ್ತಿ ಹೋಗಲಿ, ಯಾಕೆ ಉಳಿಸಬೇಕು ಅಂತ ಡಬ್ಬಿ ಖಾಲಿಯಾಗುವವರೆಗೂ ಬಿಟ್ಟೆವು.

ಪೈಪು ಬಿಚ್ಚುವಾಗ ತಮ್ಮನ ಬೆರಳಿಗೆ ಒಂದು ಪಿಚಕಾರಿ ಹಾರಿತು. ಬೆಂಕಿ ತಗುಲಿದ ಹಾಗೆ ಉರಿ, ಚರ್ಮ ಸುಣ್ಣದ ಹಾಗೆ ಬಿಳಿ. ಸಂಜೆಗೆ ಗುಳ್ಳೆ. ತಂಪಿನಿಂದಲೂ ಸುಟ್ಟ ಗಾಯ ಆಗುತ್ತದೆ ಅಂತ ಅವತ್ತು ಕಣ್ಣಾರೆ ನೋಡಿದೆವು. ಹಾಗಾದರೆ ಉಜ್ಜಬಾರದು, ಉಗುರುಬೆಚ್ಚಗಿನ ನೀರಿನಲ್ಲಿ ಇಡಬೇಕು. ಕಣ್ಣಿಗೆ ಹಾರಿದ್ದರೆ? ಹೆಲ್ಮೆಟ್ ನೋಡಿ ನಕ್ಕ ಹುಡುಗರು ಆಮೇಲೆ ನಗಲಿಲ್ಲ.

ಅವ್ವನನ್ನು ಕರೆದು ಕೂರಿಸಿದೆವು. ಎಲ್ಲಿಗೂ ಹೋಗದ ಕಾರಿನಲ್ಲಿ ಹತ್ತು ನಿಮಿಷ ಕೂತಳು. "ಚಲೋ ಐತಿ" ಅಂದಳು. ಆಮೇಲೆ ಓಣಿಯ ಹುಡುಗರೂ ಸರದಿಯಲ್ಲಿ ಕೂತು ಇಳಿದರು.

ಸೋಮವಾರ ಬೆಳಿಗ್ಗೆ ಹೋಗುವಾಗ ತಂಪು ಭೇಷಾಗಿತ್ತು. ಮಧ್ಯಾಹ್ನ ಎರಡೂ ಕಾಲಿಗೆ ಅವ್ವನನ್ನು ಹತ್ತಿಸಿಕೊಂಡು ಹೊರಟೆವು. ಪೇಟೆಯ ಗದ್ದಲ ದಾಟುವುದರೊಳಗೇ ಗಾಳಿ ಬೆಚ್ಚಗಾಗಿತ್ತು. ಸ್ವಲ್ಪ ಹೊತ್ತು ತಂಪು, ಟಕ್ ಅಂತ ಶಬ್ದ, ಮತ್ತೆ ಬಿಸಿ. ಊರ ಹೊರಗೆ ಬರುವ ಹೊತ್ತಿಗೆ ಪೂರ್ತಿ ಬಿಸಿ. ಕಿಟಕಿ ಇಳಿಸಿದೆವು. ಒಲೆಯ ಬಾಯಿ ತೆರೆದ ಹಾಗಾಯಿತು.

ಡಯಾಲಿಸಿಸ್ ಆದ ಮೇಲೆ ಬಿಪಿ ಇಳಿಯುವುದು ಇದ್ದದ್ದೇ. ಅರ್ಧ ದಾರಿಯಲ್ಲಿ ಅವ್ವ ಮಾತು ನಿಲ್ಲಿಸಿದಳು. ಆಮೇಲೆ "ಗಾಡಿ ನಿಲ್ಲಸ್ರಿ" ಅಂದಳು, ಬಾಗಿಲು ತೆರೆಯುವುದರೊಳಗೆ ವಾಂತಿ. ಒಂದು ಹುಣಸೆ ಮರ ನೋಡಿ ಕಾರು ನಿಲ್ಲಿಸಿ, ನೆರಳಲ್ಲಿ ಚಾಪೆ ಹಾಸಿ ಮಲಗಿಸಿದೆವು, ಕಾಲು ಸ್ವಲ್ಪ ಎತ್ತರಕ್ಕೆ ಇಟ್ಟು. ಮುಖ ಬಿಳಿಚಿಕೊಂಡಿತ್ತು. ಆಸ್ಪತ್ರೆಗೆ ಫೋನ್ ಮಾಡಿದರೆ ಅಲ್ಲಿಯ ಸಿಸ್ಟರ್ ಏನು ಮಾಡಬೇಕು ಅಂತ ಒಂದೊಂದಾಗಿ ಹೇಳಿದರು. ಅವ್ವ ನೀರು ಕೇಳಿದಳು. ಬಾಟಲಿ ನಮ್ಮ ಕೈಯಲ್ಲಿತ್ತು. ಫೋನಿನಲ್ಲಿ ಸಿಸ್ಟರ್ "ಸ್ವಲ್ಪ ಸ್ವಲ್ಪ ಕುಡಿಸ್ರಿ" ಅನ್ನುತ್ತಿದ್ದರು. ಕೊಟ್ಟೆವು. ಕುಡಿಯುವಾಗ ಅವಳೇ ಗುಟುಕು ಎಣಿಸುತ್ತಿದ್ದಳು. ನಾಲ್ಕನೆಯದಕ್ಕೆ ತಾನೇ ಬಾಟಲಿ ದೂರ ಮಾಡಿದಳು. "ಸಾಕು, ರಾತ್ರಿಗೆ ಬೇಕಲ್ಲ."

ಮುಕ್ಕಾಲು ತಾಸು ಅಲ್ಲೇ ಇದ್ದೆವು. ನಮ್ಮ ಕೈಚಳಕಕ್ಕೆ ನಾವೇ ಬೈದುಕೊಳ್ಳುತ್ತಾ ಟವೆಲ್ ಒದ್ದೆ ಮಾಡಿ ಅವಳ ಕುತ್ತಿಗೆಗೆ ಹಾಕುತ್ತಿದ್ದೆವು.

ಮನೆಗೆ ಬಂದ ಮೇಲೂ ನಮಗೆ ಬುದ್ಧಿ ಬಂದಿರಲಿಲ್ಲ ಅನ್ನುವುದನ್ನು ಇಲ್ಲಿ ಬರೆಯಲೇಬೇಕು. ಗ್ಯಾಸ್ ಸಾಲಲಿಲ್ಲ, ಎರಡನೇ ಡಬ್ಬಿಯನ್ನೂ ಹಾಕೋಣ ಅಂತ ರಾತ್ರಿ ಮಾತಾಡಿಕೊಂಡೆವು. ಬೆಳಿಗ್ಗೆ ಪೈಪು ಹಿಡಿದು ನಿಂತಾಗ ಅವ್ವ ಒಳಗಿನಿಂದಲೇ, "ಗೊತ್ತಿದ್ದಾರನ್ನ ಕೇಳ್ರಿ ಮೊದಲ" ಅಂದಳು.

ತಾಲ್ಲೂಕು ಊರಿನಲ್ಲಿ ರೇಡಿಯೇಟರ್ ಬೆಸುಗೆ ಹಾಕುವ ಅಂಗಡಿಯ ಪಕ್ಕ ಒಬ್ಬ ವಯಸ್ಸಾದ ಉಸ್ತಾದ್ ಇದ್ದಾರೆ, ಎಸಿ ಕೆಲಸ ಮಾತ್ರ ಮಾಡುತ್ತಾರೆ. ನಾವು ಕತೆ ಶುರು ಮಾಡುವ ಮೊದಲೇ ಅವರ ಪ್ರಶ್ನೆ, "ಎಷ್ಟು ಹಾಕೀರಿ?"

"ಒಂದು ಡಬ್ಬಿ, ಉಸ್ತಾದ್."

"ತೂಗಿ ಹಾಕೀರೇನು?"

ತೂಗುವುದು ಅಂದರೆ ಏನು ಅಂತಲೇ ನಮಗೆ ತಿಳಿದಿರಲಿಲ್ಲ. ಉಸ್ತಾದ್ ಬಾನೆಟ್ ಎತ್ತಿ, ಧೂಳು ಒರೆಸಿ, ಒಳಬದಿಯ ಚೀಟಿ ತೋರಿಸಿದರು. ಆರ್-134ಎ, 400 ಗ್ರಾಂ. "ನಾನೂರು ಹಿಡಿಯೋ ಗಾಡಿಗೆ ನಾನೂರ ಐವತ್ತು ಹಾಕೀರಿ. ಅದೂ ಮೊದಲ ಒಳಗ ಇದ್ದದ್ದರ ಮ್ಯಾಲ."

"ಮುಳ್ಳು ಹಸಿರಾಗ ಇತ್ತಲ್ರೀ?"

ಅದಕ್ಕೆ ಅವರು ಕೊಟ್ಟ ಉತ್ತರವನ್ನು ನಮ್ಮ ಮಾತಿನಲ್ಲಿ ಹೇಳುತ್ತೇವೆ, ಈ ಬರಹದಲ್ಲಿ ಒಂದೇ ವಿಷಯ ನೆನಪಿಡುವುದಾದರೆ ಇದನ್ನು ಇಡಿ. ಟ್ರ್ಯಾಕ್ಟರ್ ಟೈರಿಗೆ ಗಾಳಿ ತುಂಬಿದಷ್ಟೂ ಮುಳ್ಳು ಏರುತ್ತದೆ, ಮುಳ್ಳು ನೋಡಿ ಎಷ್ಟು ತುಂಬಿದೆ ಅಂತ ಹೇಳಬಹುದು. ಅಡುಗೆ ಸಿಲಿಂಡರಿನಲ್ಲಿ ಹಾಗೆ ಆಗುವುದಿಲ್ಲ. ಒಳಗೆ ದ್ರವ ಇರುವ ತನಕ ತುಂಬಿದ್ದರೂ ಅರ್ಧ ಇದ್ದರೂ ಒತ್ತಡ ಹೆಚ್ಚುಕಡಿಮೆ ಒಂದೇ. ಬಿಸಿಲಿಗೆ ಏರುತ್ತದೆ, ತಂಪಿಗೆ ಇಳಿಯುತ್ತದೆ, ಅಷ್ಟೇ. ಅದಕ್ಕೇ ಸಿಲಿಂಡರನ್ನು ತೂಗಿ ಕೊಡುತ್ತಾರೆ, ಒಳಗೆ 14.2 ಕಿಲೋ ಗ್ಯಾಸ್ ಅಂತ. ಕಾರಿನ ಎಸಿಯೂ ಸಿಲಿಂಡರಿನ ಜಾತಿ, ನಾವು ಅದನ್ನು ಟೈರಿನ ಹಾಗೆ ಅಳೆದಿದ್ದೆವು. ಎಂಜಿನ್ ಓಡುವಾಗ ಎಲ್ ಕಡೆಯ ಒಂದು ಮುಳ್ಳು ಎಷ್ಟೋ ಸಂಗತಿಗಳನ್ನು ಒಟ್ಟಿಗೆ ಹೇಳುತ್ತಿರುತ್ತದೆ: ಹೊರಗಿನ ಬಿಸಿಲು, ಫ್ಯಾನಿನ ವೇಗ, ಕಂಪ್ರೆಸರಿನ ತಾಕತ್ತು, ಗ್ಯಾಸಿನ ಪ್ರಮಾಣ. ಅದರಿಂದ ಗ್ರಾಂ ಲೆಕ್ಕ ತೆಗೆಯಲು ಆಗುವುದಿಲ್ಲ.

ಉಸ್ತಾದ್ ನೀಲಿ, ಕೆಂಪು ಎರಡು ಗೇಜು ಹಾಕಿ ಎಂಜಿನ್ ಚಾಲೂ ಮಾಡಿಸಿದರು. ನೀಲಿ ಎಲ್ ಕಡೆಗೆ, ಕೆಂಪು ಎಚ್ ಕಡೆಗೆ. ಕೆಂಪಿನ ಮುಳ್ಳು ಏರುತ್ತಾ ಏರುತ್ತಾ 400ರ ಹತ್ತಿರ ಹೋಯಿತು, ಟಕ್ ಅಂತ ಕಂಪ್ರೆಸರ್ ನಿಂತಿತು. ಸೋಮವಾರ ಕೇಳಿದ್ದ ಅದೇ ಟಕ್. ಗ್ಯಾಸ್ ಹೆಚ್ಚಾದರೆ ಕಂಡೆನ್ಸರಿನಲ್ಲಿ ದ್ರವವೇ ತುಂಬಿಕೊಂಡು ಬಿಸಿ ಬಿಡಲು ಜಾಗ ಉಳಿಯುವುದಿಲ್ಲ, ಒತ್ತಡ ಏರುತ್ತದೆ, ಪೈಪು ಒಡೆಯದಿರಲಿ ಅಂತ ಒಂದು ಸ್ವಿಚ್ ಕಂಪ್ರೆಸರನ್ನು ಬಂದ್ ಮಾಡುತ್ತದೆ. ಬೆಳಗಿನ ತಂಪಿನಲ್ಲಿ ಹೇಗೋ ನಡೆದದ್ದು ಮಧ್ಯಾಹ್ನದ ಬಿಸಿಲಿಗೆ ನಿಂತದ್ದು ಇದಕ್ಕೆ. ಎರಡನೇ ಡಬ್ಬಿ ಹಾಕಿದ್ದರೆ? ಉಸ್ತಾದ್ ಆ ಪ್ರಶ್ನೆಗೆ ಉತ್ತರ ಕೊಡಲಿಲ್ಲ, ನಮ್ಮ ಮುಖ ನೋಡಿದರು. ಡಬ್ಬಿ ತಲೆಕೆಳಗೆ ಹಿಡಿದದ್ದನ್ನು ಹೇಳಿದಾಗ ಮಾತ್ರ ಬೈದರು. ಕಂಪ್ರೆಸರ್ ಇರುವುದು ಆವಿ ಒತ್ತಲು. ದ್ರವ ಒಮ್ಮೆಗೇ ನುಗ್ಗಿದರೆ ಒಳಗಿನ ಭಾಗಗಳೇ ಮುರಿಯುತ್ತವೆ. ಅದು ಹೋದರೆ ಖರ್ಚು ಸಾವಿರಗಳ ಲೆಕ್ಕದಲ್ಲಿ.

ಆಮೇಲೆ ಟಾರ್ಚ್ ಹಿಡಿದು ಮುಂದಿನ ಜಾಲರಿ ತೋರಿಸಿದರು. ಕಂಡೆನ್ಸರಿನ ತುಂಬ ಹತ್ತಿಯ ಎಳೆ, ಭತ್ತದ ಹೊಟ್ಟು, ಸತ್ತ ಹುಳ, ಮಣ್ಣು. ಹತ್ತಿ ತುಂಬಿದ ಲಾರಿಗಳ ಹಿಂದೆ, ಭತ್ತ ಕೊಯ್ಯುವ ಯಂತ್ರಗಳ ಪಕ್ಕ ಓಡಾಡುವ ಕಾರು, ಇನ್ನೇನಾಗುತ್ತದೆ. ಗಾಳಿಯೇ ಹೋಗದ ಜಾಲರಿ ಬಿಸಿಯನ್ನು ಎಲ್ಲಿ ಬಿಡಬೇಕು?

ತೂತು ಸಿಕ್ಕಿದ್ದು ಅಲ್ಲೇ. ಕಂಡೆನ್ಸರಿಗೆ ಪೈಪು ಸೇರುವ ಜಾಗದಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಜಿಡ್ಡಿನ ಕಪ್ಪು ಕಲೆ. ಕಂಪ್ರೆಸರಿನ ಎಣ್ಣೆ ಗ್ಯಾಸಿನ ಜೊತೆಗೇ ಪೈಪಿನಲ್ಲಿ ತಿರುಗುತ್ತದೆ, ಗ್ಯಾಸ್ ಸೋರುವಲ್ಲಿ ಎಣ್ಣೆಯೂ ಜಿನುಗಿ ಧೂಳು ಹಿಡಿಯುತ್ತದೆ. ಇದ್ದ ಗ್ಯಾಸ್ ತೆಗೆದು, ನೈಟ್ರೋಜನ್ ಒತ್ತಿ, ಸೋಪಿನ ನೊರೆ ಹಚ್ಚಿದರು. ಪಂಕ್ಚರ್ ಅಂಗಡಿಯಲ್ಲಿ ಟ್ಯೂಬು ಮುಳುಗಿಸಿದ ಹಾಗೆ ಸಣ್ಣ ಸಣ್ಣ ಗುಳ್ಳೆ ಎದ್ದವು. ಒಳಗಿನ ಹಸಿರು ರಬ್ಬರ್ ಉಂಗುರ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ಹೊಸದಕ್ಕೆ ಇಪ್ಪತ್ತು ರೂಪಾಯಿ.

ಇಪ್ಪತ್ತು ರೂಪಾಯಿಯ ಉಂಗುರ. ಅದನ್ನು ಹುಡುಕದೆ ಹೋದ ವರ್ಷ 1,800, ಈ ವರ್ಷ ಡಬ್ಬಿ-ಪೈಪು ಅಂತ ಎರಡು ಸಾವಿರ.

ಇಲ್ಲಿ ನಮಗೆ ಕಸಿವಿಸಿ ಆದ ಒಂದು ಸಂಗತಿ ಇದೆ. ಉಸ್ತಾದರ ಹತ್ತಿರ ಹಳೆಯ ಗ್ಯಾಸ್ ಹಿಡಿದಿಡುವ ಯಂತ್ರ ಇಲ್ಲ. ಪೈಪು ಬಿಚ್ಚಿದಾಗ ಸುಂಯ್ ಅಂತ ಗಾಳಿಗೆ ಹೋಯಿತು. ಹಿಂದಿನ ಕಾಲದ ಆರ್-12 ಗ್ಯಾಸ್ ಓಝೋನ್ ಪದರವನ್ನು ತಿನ್ನುತ್ತದೆ ಅಂತ 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಅದನ್ನು ಕೈಬಿಟ್ಟು 134ಎ ತಂದರು. ಇದು ಓಝೋನ್‌ಗೆ ಏನೂ ಮಾಡುವುದಿಲ್ಲ, ಆದರೆ ಭೂಮಿ ಬಿಸಿ ಮಾಡುವುದರಲ್ಲಿ ಒಂದು ಕಿಲೋ 134ಎ ಸುಮಾರು 1,400 ಕಿಲೋ ಕಾರ್ಬನ್ ಡೈಆಕ್ಸೈಡಿಗೆ ಸಮ. 2016ರಲ್ಲಿ ರುವಾಂಡಾದ ಕಿಗಾಲಿಯಲ್ಲಿ ಇಂಥ ಗ್ಯಾಸುಗಳನ್ನು ಹಂತ ಹಂತವಾಗಿ ತಗ್ಗಿಸುವ ಒಪ್ಪಂದ ಆಯಿತು, ಭಾರತ 2021ರಲ್ಲಿ ಒಪ್ಪಿತು. ನಾವು ಕೂತು ಲೆಕ್ಕ ಹಾಕಿದೆವು. ನಮ್ಮ 450 ಗ್ರಾಂನ ಒಂದು ಡಬ್ಬಿ ಗಾಳಿಗೆ ಹೋದರೆ 270 ಲೀಟರ್ ಪೆಟ್ರೋಲ್ ಸುಟ್ಟ ಹಾಗೆ. ಅಷ್ಟು ಪೆಟ್ರೋಲಿನಲ್ಲಿ ಅವ್ವನನ್ನು ಐದು ತಿಂಗಳು ರಾಯಚೂರಿಗೆ ಕರೆದೊಯ್ದು ಕರೆತರಬಹುದು. ವರ್ಷಾ ವರ್ಷಾ ಸೋರುವ ಕಾರಿಗೆ ಗ್ಯಾಸ್ ತುಂಬಿಸುವುದು ಅಂದರೆ ಇದು. ನಮ್ಮೂರ ಬಿಸಿಲಿಗೆ ನಾವೇ ಸೌದೆ ಒಟ್ಟಿದ ಹಾಗೆ.

ಉಂಗುರ ಹಾಕಿ, ತೇವ ಹೀರುವ ಡ್ರೈಯರ್ ಬದಲಿಸಿ, ವ್ಯಾಕ್ಯೂಮ್ ಪಂಪಿನಿಂದ ನಲವತ್ತು ನಿಮಿಷ ಪೈಪಿನೊಳಗಿನ ಗಾಳಿ, ತೇವ ಎಳೆದರು. ಆಮೇಲೆ ಪಂಪು ನಿಲ್ಲಿಸಿ, ಮುಳ್ಳು ಕದಲುತ್ತದೋ ಅಂತ ಒಂದು ಚಹಾ ಕುಡಿಯುವಷ್ಟು ಹೊತ್ತು ಕಾದರು. ಮುಳ್ಳು ಕದಲದಿದ್ದರೆ ತೂತಿಲ್ಲ. ಮನೆಯಲ್ಲಿ ನಾವು ಮಾಡಿದ್ದರಲ್ಲಿ ಈ ಹೆಜ್ಜೆಯೇ ಇರಲಿಲ್ಲ. ನಮ್ಮ ಪೈಪಿನೊಳಗಿದ್ದ ಗಾಳಿಯೂ ಗ್ಯಾಸಿನ ಜೊತೆ ಒಳಗೆ ಹೋಗಿತ್ತು. ಗಾಳಿ ತಂಪು ಕೆಡಿಸುತ್ತದೆ, ತೇವ ಉಳಿದರೆ ಒಳಗೇ ಮಂಜುಗಟ್ಟಿ ದಾರಿ ಮುಚ್ಚುತ್ತದೆ, ದಿನ ಕಳೆದಂತೆ ಆಮ್ಲವಾಗಿ ಲೋಹ ತಿನ್ನುತ್ತದೆ. ಕೊನೆಗೆ ಕಿರಾಣಿ ಅಂಗಡಿಯದರ ಹಾಗಿನ ತಕ್ಕಡಿ ಮೇಲೆ ಸಿಲಿಂಡರ್ ಇಟ್ಟು, ಅಂಕಿ 400 ಗ್ರಾಂ ಇಳಿಯುವ ತನಕ ಬಿಟ್ಟು, ನಿಲ್ಲಿಸಿದರು. ಎಲ್ಲ ಸೇರಿ 2,600 ರೂಪಾಯಿ. ನಮ್ಮ ಉಳಿದ ಡಬ್ಬಿಯನ್ನು ಅವರೇ 400 ರೂಪಾಯಿಗೆ ಇಟ್ಟುಕೊಂಡರು.

ಮನೆಗೆ ಬಂದು ತೂಕದ ಕತೆ ಹೇಳಿದಾಗ ಅವ್ವನಿಗೆ ನಮಗಿಂತ ಬೇಗ ತಿಳಿಯಿತು. ಆಸ್ಪತ್ರೆಯಲ್ಲಿ ಅವಳನ್ನೂ ಯಂತ್ರಕ್ಕೆ ಹಚ್ಚುವ ಮೊದಲು ತೂಗುತ್ತಾರೆ, ಇಳಿಸಿದ ಮೇಲೂ ತೂಗುತ್ತಾರೆ. ಎಷ್ಟು ನೀರು ತೆಗೆಯಬೇಕು ಅಂತ ತೂಕ ನೋಡಿಯೇ ಲೆಕ್ಕ. "ಹಂಗಾರ ನಂದೂ ಗಾಡೀದೂ ಒಂದ ಹಣೇಬರಹ" ಅಂದಳು.

ಮನೆಯಲ್ಲಿ ಮಾಡಬಹುದಾದ ಕೆಲಸ ಏನೂ ಇಲ್ಲವೇ? ಇದೆ, ಬೇಕಾದಷ್ಟಿದೆ, ಎಲ್ಲವೂ ಗ್ಯಾಸಿಗಿಂತ ಮೊದಲಿನವು. ತಂಪು ಕಡಿಮೆಯಾದರೆ ಮೊದಲು ಕಂಡೆನ್ಸರ್ ತೊಳೆಯಿರಿ, ಎಂಜಿನ್ ಆರಿದ ಮೇಲೆ, ತೋಟದ ಪೈಪಿನ ಮೆತ್ತನೆಯ ನೀರಿನಲ್ಲಿ. ಸರ್ವಿಸ್ ಸ್ಟೇಷನ್ನಿನ ಜೋರು ನೀರು ಹತ್ತಿರದಿಂದ ಹೊಡೆದರೆ ತೆಳು ಎಲೆಗಳು ಮಡಚಿಹೋಗುತ್ತವೆ. ಎಸಿ ಹಾಕಿದಾಗ ಮುಂದಿನ ಫ್ಯಾನು ತಿರುಗುತ್ತದೆಯೇ ನೋಡಿ, ಕೈ ಒಳಗೆ ಹಾಕಬೇಡಿ. ಹಲವು ಕಾರುಗಳಲ್ಲಿ ಗ್ಲೋವ್ ಬಾಕ್ಸಿನ ಹಿಂದೆ ಒಂದು ಗಾಳಿಯ ಫಿಲ್ಟರ್ ಇರುತ್ತದೆ, ಅದನ್ನು ಬಿಚ್ಚಿ ಝಾಡಿಸಿ, ತೀರಾ ಕಟ್ಟಿದ್ದರೆ ಬದಲಿಸಿ. ಗಾಳಿಯೇ ಕಡಿಮೆ ಬರುತ್ತಿದ್ದರೆ ತಪ್ಪು ಅದರದ್ದೇ ಇರಬಹುದು. ಪೈಪಿನ ಗಂಟುಗಳಲ್ಲಿ ಜಿಡ್ಡಿನ ಕಲೆ ಹುಡುಕಿ. ಚಳಿಗಾಲದಲ್ಲೂ ವಾರಕ್ಕೊಮ್ಮೆ ಹತ್ತು ನಿಮಿಷ ಎಸಿ ಓಡಿಸಿ, ಎಣ್ಣೆ ತಿರುಗುತ್ತಿದ್ದರೆ ರಬ್ಬರು ಒಣಗುವುದಿಲ್ಲ. ಬಿಸಿಲಲ್ಲಿ ನಿಂತ ಕಾರು ಹತ್ತಿದ ಕೂಡಲೇ ಗಾಜು ಏರಿಸಬೇಡಿ, ಎರಡು ನಿಮಿಷ ಒಳಗಿನ ಕಾವು ಹೋಗಲಿ, ಆಮೇಲೆ ಏರಿಸಿ ಒಳಗಿನ ಗಾಳಿಯೇ ತಿರುಗುವ ಬಟನ್ ಒತ್ತಿ.

ಗ್ಯಾರೇಜಿನಲ್ಲಿ "ಗ್ಯಾಸ್ ಖಾಲಿ" ಅಂದರೆ ಎರಡು ಪ್ರಶ್ನೆ ಕೇಳಿ. ಎಲ್ಲಿ ಸೋರಿತು? ಎಷ್ಟು ಗ್ರಾಂ ಹಾಕುತ್ತೀರಿ? ಇವೆರಡಕ್ಕೂ ಉತ್ತರ ಇಲ್ಲದವರಿಗೆ ಕಾರು ಬಿಡಬೇಡಿ.

ಕಾಕಾ ಮೊನ್ನೆ ಬಂದು ಎಲ್ಲ ಕೇಳಿಸಿಕೊಂಡ. ಸಿಲಿಂಡರ್ ಮಾತು ಎತ್ತಲಿಲ್ಲ. ತನ್ನ ಮಗನ ಕಾರಿನ ಬಾನೆಟ್ ಎತ್ತಿಸಿ ಚೀಟಿ ಹುಡುಕಿಸಿದನಂತೆ.

ಈಗ ಸೋಮವಾರ, ಗುರುವಾರ ಮಧ್ಯಾಹ್ನ ಬರುವಾಗ, ತುಂಗಭದ್ರಾ ಕಾಲುವೆಯ ಸೇತುವೆ ಬಂದ ಕೂಡಲೇ ಅವ್ವ ಮುಂದಕ್ಕೆ ಬಗ್ಗಿ ಗಾಳಿ ಬರುವ ಕಿಂಡಿಗೆ ಅಂಗೈ ಹಿಡಿಯುತ್ತಾಳೆ, ಸೂಜಿ ಚುಚ್ಚಿಸಿಕೊಂಡ ಕೈಯಲ್ಲ, ಇನ್ನೊಂದು. "ಐತಿ" ಅನ್ನುತ್ತಾಳೆ. ಸೆರಗು ತಲೆ ಮೇಲೆ ಎಳೆದುಕೊಂಡು ನಿದ್ದೆ ಹೋಗುತ್ತಾಳೆ.